ಸೋಂಪಿನ ತಟ್ಟೆಯಲ್ಲಿ ಎಷ್ಟಿಡಬೇಕು?

ಹೋಟೆಲಿನಲ್ಲಿ ಟಿಪ್ಸ್ ಎಷ್ಟು ಕೊಡಬೇಕು, ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು, ರೌಂಡ್ ಮಾಡುವುದು ಹೇಗೆ ಎಂದು ಕೇಳಿ ಮುಂಬಯಿ, ಪುಣೆ, ಗೋವಾದ ಓದುಗರಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಬಿಲ್ಲು ಎಷ್ಟೇ ಬರಲಿ, ಮುಂದಿನ ನೂರಕ್ಕೆ ಏರಿಸಿ ಉಳಿದ ಚಿಲ್ಲರೆಯನ್ನು ಬಿಟ್ಟು ಬರುವುದು ನಮ್ಮ ಮನೆಯ ಪದ್ಧತಿ. ಅದು ತಪ್ಪು, ಶೇಕಡಾ ಲೆಕ್ಕ ಹಾಕಬೇಕು ಎನ್ನುತ್ತಾನೆ ಮಗ. ಯಾರ ಮಾತು ಸರಿ?
— ಡೊಂಬಿವಲಿಯ ಓದುಗರು

ಮಗನ ಮಾತೇ ಸರಿ. ನಿಮ್ಮ ಪದ್ಧತಿಯನ್ನು ಮೂರು ಬಿಲ್ಲುಗಳ ಮೇಲೆ ಇಟ್ಟು ನೋಡಿ. ಬಿಲ್ಲು 412 ರೂಪಾಯಿ ಬಂದರೆ ಉಳಿಯುವುದು 88, ಅಂದರೆ ಶೇ. 21. ಬಿಲ್ಲು 487 ಬಂದರೆ ಉಳಿಯುವುದು 13, ಶೇ. 3ಕ್ಕೂ ಕಡಿಮೆ. ಬಿಲ್ಲು 1,985 ಬಂದರೆ ಉಳಿಯುವುದು ಬರೀ 15, ಶೇ. 1 ಕೂಡ ಇಲ್ಲ. ಇಡ್ಲಿ, ದೋಸೆ ತಿಂದು ಹತ್ತು ನಿಮಿಷಕ್ಕೆ ಎದ್ದವರಿಂದ 88 ರೂಪಾಯಿ, ಆರು ಜನ ಕೂತು ಒಂದೂವರೆ ಗಂಟೆ ಬಡಿಸಿಕೊಂಡವರಿಂದ 15 ರೂಪಾಯಿ. ಉಳಿದ ಚಿಲ್ಲರೆ ಎಷ್ಟು ಎನ್ನುವುದನ್ನು ಬಿಲ್ಲಿನ ಕೊನೆಯ ಎರಡು ಅಂಕಿಗಳು ತೀರ್ಮಾನಿಸುತ್ತವೆ. ಬಡಿಸಿದವರ ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ರೌಂಡ್ ಮಾಡುವುದು ತಪ್ಪಲ್ಲ, ಯಾವುದನ್ನು ರೌಂಡ್ ಮಾಡುತ್ತೀರಿ ಎನ್ನುವುದು ಮುಖ್ಯ. ಮೊದಲು ಟಿಪ್ಸ್ ಎಷ್ಟೆಂದು ನಿಶ್ಚಯಿಸಿ, ಆಮೇಲೆ ಆ ಟಿಪ್ಸನ್ನು ನೋಟಿಗೆ ಹೊಂದುವಂತೆ ರೌಂಡ್ ಮಾಡಿ. ಬಿಲ್ಲಿನ ಮೊತ್ತವನ್ನು ರೌಂಡ್ ಮಾಡಿ, ಅದರಿಂದ ಉದುರಿದ್ದನ್ನು ಟಿಪ್ಸ್ ಎನ್ನಬೇಡಿ.

ಲೆಕ್ಕ ಸುಲಭ. ತೆರಿಗೆ ಸೇರಿಸುವ ಮೊದಲಿನ ಮೊತ್ತದ ಕೊನೆಯ ಅಂಕಿಯನ್ನು ತೆಗೆದುಬಿಟ್ಟರೆ ಶೇ. 10 ಸಿಗುತ್ತದೆ. 1,460ಕ್ಕೆ 146. ಅದರ ಅರ್ಧ 73, ಅದು ಶೇ. 5. ಈ ಎರಡರ ನಡುವಿನ 110 ಸುಮಾರು ಶೇ. 7.5. ಮೇಜಿಗೆ ಬಂದು ಬಡಿಸುವ ಕಡೆ ಮಾಮೂಲು ಸೇವೆಗೆ ಶೇ. 7.5, ಒಳ್ಳೆಯ ಸೇವೆಗೆ ಶೇ. 10 ಎನ್ನುವುದು ನಮ್ಮ ಅಳತೆ. ಬಂದ ಅಂಕಿಯನ್ನು 100ರ ಒಳಗಿದ್ದರೆ ಮುಂದಿನ ಹತ್ತಕ್ಕೆ, 100 ದಾಟಿದರೆ ಹತ್ತಿರದ ಹತ್ತಕ್ಕೆ, 300 ದಾಟಿದರೆ ಹತ್ತಿರದ ಐವತ್ತಕ್ಕೆ ರೌಂಡ್ ಮಾಡಿ. ಸಣ್ಣ ಮೊತ್ತದಲ್ಲಿ ಮಾತ್ರ ಯಾವಾಗಲೂ ಮೇಲಕ್ಕೇ ಹೋಗಿ. 34 ರೂಪಾಯಿಯನ್ನು 30ಕ್ಕೆ ಇಳಿಸಿದರೆ ಕೊಡುವುದರ ಎಂಟನೇ ಒಂದು ಭಾಗವೇ ಹೋಗುತ್ತದೆ, 254ನ್ನು 250ಕ್ಕೆ ಇಳಿಸಿದರೆ ಏನೂ ಹೋಗುವುದಿಲ್ಲ.

ಇಷ್ಟೆಲ್ಲ ಕೈಗೂಡಬೇಕಾದರೆ ಜೇಬಿನಲ್ಲಿ ಸುಟ್ಟೆ, ಅಂದರೆ ಚಿಲ್ಲರೆ ನೋಟು, ಇರಬೇಕು. ಪರ್ಸಿನ ಒಂದು ಮಡಿಕೆಯಲ್ಲಿ ಹತ್ತರ ಐದು, ಇಪ್ಪತ್ತರ ಮೂರು, ಐವತ್ತರ ಎರಡು ನೋಟು ಬೇರೆಯಾಗಿ ಇಟ್ಟುಕೊಳ್ಳಿ. ಒಟ್ಟು 210 ರೂಪಾಯಿ. ಹತ್ತರಿಂದ ಇನ್ನೂರಹತ್ತರವರೆಗೆ ಹತ್ತರ ಯಾವ ಮೊತ್ತವನ್ನಾದರೂ ಇದರಿಂದಲೇ ಹೊಂದಿಸಬಹುದು. ಸುಟ್ಟೆ ಇಲ್ಲದವರ ಕೈಯಲ್ಲಿ ಟಿಪ್ಸ್ ಒಂದೋ ಐನೂರು, ಇಲ್ಲವೇ ಸೊನ್ನೆ.

ಬಿಲ್ಲಿನ ಕೆಳಗಿನ ಸಿಜಿಎಸ್‌ಟಿಯನ್ನು ನಾಲ್ಕರಿಂದ ಗುಣಿಸಿದರೆ ಟಿಪ್ಸ್ ಸಿಗುತ್ತದೆ ಎಂದು ಗೆಳೆಯರು ಹೇಳಿಕೊಟ್ಟರು. ಎಲ್ಲ ಕಡೆ ನಡೆಯುತ್ತದೆಯೇ?
— ಠಾಣೆಯ ಓದುಗರು

ಸಾಮಾನ್ಯ ರೆಸ್ಟೊರೆಂಟುಗಳಲ್ಲಿ ನಡೆಯುತ್ತದೆ, ಬಹಳ ಚೆನ್ನಾಗಿಯೇ ನಡೆಯುತ್ತದೆ. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೊರೆಂಟ್ ಊಟಕ್ಕೆ ಜಿಎಸ್‌ಟಿ ಶೇ. 5. ಅದು ಬಿಲ್ಲಿನಲ್ಲಿ ಎರಡು ಸಾಲಾಗಿ ಒಡೆದಿರುತ್ತದೆ: ಕೇಂದ್ರದ ಪಾಲಾದ ಸಿಜಿಎಸ್‌ಟಿ ಶೇ. 2.5, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಶೇ. 2.5. ಹಾಗಾಗಿ ಒಂದು ಸಾಲಿನ ನಾಲ್ಕು ಪಟ್ಟು ಶೇ. 10, ಮೂರು ಪಟ್ಟು ಶೇ. 7.5. ಊಟ 1,460 ರೂಪಾಯಿ ಆಗಿದ್ದರೆ ಸಿಜಿಎಸ್‌ಟಿ 36.50, ನಾಲ್ಕರಿಂದ ಗುಣಿಸಿ 146. ತೆರಿಗೆಯ ಮೇಲೆ ಟಿಪ್ಸ್ ಬೀಳುವುದಿಲ್ಲ ಎನ್ನುವುದು ಇದರ ಇನ್ನೊಂದು ಲಾಭ.

ಆದರೆ ನಾಲ್ಕು ಕಡೆ ಈ ಲೆಕ್ಕ ಕೈಕೊಡುತ್ತದೆ.

ಒಂದು, ಮದ್ಯ ಇರುವ ಬಿಲ್ಲು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ವ್ಯಾಟ್ ಇದೆ. ಮಹಾರಾಷ್ಟ್ರದ ಬಾರ್‌ಗಳಲ್ಲಿ 2023ರ ನವೆಂಬರ್ 1ರಿಂದ ಅದು ಶೇ. 5ರಿಂದ ಶೇ. 10ಕ್ಕೆ ಏರಿತು. ಊಟ 1,460, ಮದ್ಯ 1,200 ಎಂದಿಟ್ಟುಕೊಳ್ಳಿ. ಊಟದ ಮೇಲೆ ಜಿಎಸ್‌ಟಿ 73, ಮದ್ಯದ ಮೇಲೆ ವ್ಯಾಟ್ 120, ಒಟ್ಟು 2,853. ಸಿಜಿಎಸ್‌ಟಿಯ ನಾಲ್ಕು ಪಟ್ಟು ಈಗಲೂ 146ನ್ನೇ ತೋರಿಸುತ್ತದೆ, ಮದ್ಯದ ಭಾಗ ಅದರ ಕಣ್ಣಿಗೆ ಬೀಳುವುದೇ ಇಲ್ಲ. ವ್ಯಾಟಿನ ಸಾಲು ಮದ್ಯದ ಶೇ. 10 ಆದ್ದರಿಂದ ಅದನ್ನು ಹಾಗೆಯೇ ಕೂಡಿಸಿ: 146ಕ್ಕೆ 120 ಸೇರಿಸಿದರೆ 266, ರೌಂಡ್ ಮಾಡಿ 270. ಮದ್ಯಕ್ಕೂ ಶೇ. 10 ಕೊಡಲೇಬೇಕೆಂದಿಲ್ಲ. ಪೆಗ್ಗು ಪೆಗ್ಗಾಗಿ ತಂದು, ಐಸು, ಸೋಡಾ, ಚಕನಾ ನೋಡಿಕೊಂಡಿದ್ದರೆ ಪೂರ್ತಿ ಕೊಡಿ. ದುಬಾರಿ ಬಾಟಲಿಯೊಂದನ್ನು ಒಮ್ಮೆ ತೆರೆದು ಇಟ್ಟಿದ್ದಷ್ಟೇ ಆದರೆ ಶೇ. 5 ಸಾಕು, ಬಾಟಲಿಯ ಬೆಲೆ ಹೆಚ್ಚಿದಷ್ಟೂ ಬಡಿಸುವ ಕೆಲಸ ಹೆಚ್ಚುವುದಿಲ್ಲ.

ಎರಡು, ದೊಡ್ಡ ಹೋಟೆಲು. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲುಗಳ ಒಳಗಿನ ರೆಸ್ಟೊರೆಂಟಿನಲ್ಲಿ ಜಿಎಸ್‌ಟಿ ಶೇ. 18. ಅಲ್ಲಿ ಸಿಜಿಎಸ್‌ಟಿ ಒಂದೇ ಶೇ. 9. ಅದನ್ನು ನಾಲ್ಕರಿಂದ ಗುಣಿಸಿದರೆ ಶೇ. 36 ಕೊಟ್ಟು ಬಂದಿರುತ್ತೀರಿ. ಆ ಒಂದು ಸಾಲನ್ನೇ ಟಿಪ್ಸ್ ಎಂದು ತಿಳಿದರೆ ಸಾಕು.

ಮೂರು, ರಿಯಾಯಿತಿ. ಆ್ಯಪ್‌ನಲ್ಲಿ ಟೇಬಲ್ ಬುಕ್ ಮಾಡಿ 1,500ರ ಬಿಲ್ಲಿಗೆ 300 ಕಡಿತ ಸಿಕ್ಕಿದ್ದರೆ ತೆರಿಗೆ ಬೀಳುವುದು 1,200ರ ಮೇಲೆ. ಸಿಜಿಎಸ್‌ಟಿ 30, ನಾಲ್ಕು ಪಟ್ಟು 120. ಬಡಿಸಿದ್ದು ಮಾತ್ರ 1,500 ರೂಪಾಯಿಯ ಊಟವನ್ನೇ. ರಿಯಾಯಿತಿಯ ಹೊರೆ ಹುಡುಗರ ಮೇಲೆ ಬೀಳಬಾರದು, 150 ಕೊಡಿ.

ನಾಲ್ಕು, ತೆರಿಗೆಯ ಸಾಲೇ ಇಲ್ಲದ ಬಿಲ್ಲು. ಕಾಂಪೊಸಿಶನ್ ಯೋಜನೆಗೆ (ವಹಿವಾಟಿನ ಮೇಲೆ ಒಂದೇ ದರದ ತೆರಿಗೆಯನ್ನು ತಾವೇ ಕಟ್ಟುವ ವ್ಯವಸ್ಥೆ) ಸೇರಿದ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಅಲ್ಲಿ ಕೊನೆಯ ಅಂಕಿ ತೆಗೆಯುವ ಹಳೆಯ ದಾರಿಯೇ ಸರಿ.

ಇನ್ನು ಕೆಲವರು ಬಿಲ್ಲಿನ ತಳದಲ್ಲಿರುವ ‘ರೌಂಡ್ ಆಫ್’ ಎಂಬ ಸಾಲನ್ನು ಹೋಟೆಲಿನವರು ಸೇರಿಸಿಕೊಂಡ ಟಿಪ್ಸ್ ಎಂದು ಭಾವಿಸುತ್ತಾರೆ. ಅದು ಪೈಸೆಯ ಹೊಂದಾಣಿಕೆ ಅಷ್ಟೇ. 50 ಪೈಸೆ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ರೂಪಾಯಿ, ಕಡಿಮೆಯಿದ್ದರೆ ಕೆಳಗಿನ ರೂಪಾಯಿ.

ಬಿಲ್ಲಿನಲ್ಲಿ ಶೇ. 10 ಸರ್ವಿಸ್ ಚಾರ್ಜ್ ಹಾಕಿದ್ದರು. ಅದರ ಮೇಲೆ ಟಿಪ್ಸ್ ಬೇರೆ ಕೊಡಬೇಕೆ? ಅದನ್ನು ತೆಗೆಸಬಹುದೆ?
— ಪುಣೆ, ಕೋಥ್ರೂಡ್‌ನ ಓದುಗರು

ತೆಗೆಸಬಹುದು, ಅದು ನಿಮ್ಮ ಹಕ್ಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ, ಅದನ್ನು ಒಪ್ಪದವರಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಹೋಟೆಲ್ ಮಾಲೀಕರ ಸಂಘಟನೆಗಳು ಇದನ್ನು ಪ್ರಶ್ನಿಸಿದ್ದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಹಣ ಕೊಡುವ ಮುಂಚೆ ಬಿಲ್ಲಿನ ಫೋಲ್ಡರನ್ನು ಮಾಣಿಗೆ ಹಿಂತಿರುಗಿಸದೆ, ಮಾಣಿಗಳ ಮೇಲ್ವಿಚಾರಕರಾದ ಕ್ಯಾಪ್ಟನ್ನನ್ನು ಕರೆಯಿರಿ. ಬಿಲ್ಲು ತಿದ್ದುವ ಅಧಿಕಾರ ಮಾಣಿಗೆ ಇರುವುದಿಲ್ಲ, ಅವರೊಂದಿಗೆ ವಾದಿಸಿ ಫಲವಿಲ್ಲ. ‘ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ಲು ಕೊಡಿ’ ಎಂದು ಒಂದೇ ಮಾತು ಹೇಳಿ. ಹೊಸ ಬಿಲ್ಲು ಬಂದಾಗ ಜಿಎಸ್‌ಟಿಯೂ ಇಳಿದಿದೆಯೇ ನೋಡಿ. 1,460ರ ಊಟಕ್ಕೆ ಶೇ. 10 ಚಾರ್ಜ್ 146. ತೆರಿಗೆ 1,606ರ ಮೇಲೆ ಬಿದ್ದು 80.30 ಆಗಿರುತ್ತದೆ. ಚಾರ್ಜ್ ತೆಗೆದ ಮೇಲೆ ಅದು 73ಕ್ಕೆ ಬರಬೇಕು. ಎಷ್ಟೋ ಸಲ ಚಾರ್ಜನ್ನು ಕೈಯಲ್ಲಿ ಕಳೆದು ತೆರಿಗೆಯನ್ನು ಹಾಗೇ ಬಿಟ್ಟಿರುತ್ತಾರೆ. ಒಪ್ಪದಿದ್ದರೆ ಬಿಲ್ಲಿನ ಫೋಟೊ ತೆಗೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಚಾರ್ಜ್ ತೆಗೆಸಿದ ಮೇಲೆ ಟಿಪ್ಸ್ ಕೊಡದೆ ಎದ್ದು ಬರುವುದು ನಮಗೆ ಒಪ್ಪಿಗೆಯಿಲ್ಲ. ತೆಗೆಸಿದ ದುಡ್ಡನ್ನು ಬಡಿಸಿದವರ ಕೈಗೇ ಕೊಡಿ. ನಗದಾಗಿ ಕೊಟ್ಟ ಟಿಪ್ಸಿನ ಮೇಲೆ ಜಿಎಸ್‌ಟಿ ಇಲ್ಲ, ನಿಮ್ಮ 7.30 ಉಳಿಯಿತು, ಅವರಿಗೆ ಪೂರ್ತಿ ಸಿಕ್ಕಿತು. ಚಾರ್ಜ್ ಇರಲಿ ಎಂದು ನೀವೇ ಒಪ್ಪಿ ಕೊಟ್ಟಿದ್ದರೆ ಮತ್ತೆ ಟಿಪ್ಸ್ ಬೇಕಿಲ್ಲ.

ಇಡ್ಲಿ, ಕಾಫಿಗೆ 90 ರೂಪಾಯಿ ಬಿಲ್ಲಾಗುತ್ತದೆ. ಶೇ. 10 ಅಂದರೆ 9 ರೂಪಾಯಿ. ಅದನ್ನು ಕೊಡಲು ಸಂಕೋಚವಾಗುತ್ತದೆ.
— ಮಾಟುಂಗಾದ ಓದುಗರು

ಬಿಲ್ಲು 200 ರೂಪಾಯಿಯೊಳಗೆ ಇದ್ದಾಗ ಶೇಕಡಾ ಬಿಡಿ, ತಲೆ ಎಣಿಸಿ. ಕೂತು ತಿಂದವರು ತಲೆಗೆ ಹತ್ತು ರೂಪಾಯಿ. ಹತ್ತರ ನಾಣ್ಯವನ್ನು ಅಂಗಡಿಯವರು ಕೆಲವು ಕಡೆ ಬೇಡ ಎನ್ನುತ್ತಾರೆ, ಆದರೆ ಎಲ್ಲ 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ತಿಳಿಸಿದೆ. ನಾವೇ ಟೋಕನ್ ಕೊಟ್ಟು, ನಾವೇ ತಟ್ಟೆ ತಂದು, ನಿಂತು ತಿನ್ನುವ ಕಡೆ ಟಿಪ್ಸ್ ಇಲ್ಲ. ಎಲೆ ಊಟ, ಥಾಲಿ ಬೇರೆ ಮಾತು. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಂದು ಬಡಿಸುವವರು ಒಂದೇ ಎಲೆಗೆ ಹತ್ತು ಹನ್ನೆರಡು ಸಲ ಬಾಗುತ್ತಾರೆ, ಬೆಲೆ ಮಾತ್ರ ನಿಗದಿ. ಅಲ್ಲಿ ತಲೆಗೆ ಇಪ್ಪತ್ತು ಕೊಡಿ.

ನಿಮ್ಮ ಕಡೆಯ ಉಡುಪಿ ಹೋಟೆಲುಗಳ ಬಗ್ಗೆ ಒಂದು ಮುಖ್ಯ ಮಾತು. ಬಿಲ್ಲನ್ನು ಗಲ್ಲೆಯಲ್ಲಿ ಕೊಡುವ ಪದ್ಧತಿ ಇರುವಲ್ಲಿ ‘ಚಿಲ್ಲರೆ ಇರಲಿ’ ಎಂದರೆ ಆ ಚಿಲ್ಲರೆ ಗಲ್ಲಾಪೆಟ್ಟಿಗೆಗೇ ಹೋಗುತ್ತದೆ. ಬಡಿಸಿದವರಿಗೆ ಅದು ಗೊತ್ತೂ ಆಗುವುದಿಲ್ಲ. ಗಲ್ಲೆಗೆ ಹೋಗುವ ಮುಂಚೆಯೇ ಕೈಗೆ ಕೊಡಿ. ಮೇಜಿನ ಮೇಲೆ ಇಟ್ಟು ಬಂದರೆ ಅದನ್ನು ಮೊದಲು ನೋಡುವುದು ತಟ್ಟೆ ಎತ್ತುವ, ಮೇಜು ಒರೆಸುವ ಹುಡುಗ. ಅವನಿಗೆ ಸಿಕ್ಕರೂ ತಪ್ಪಿಲ್ಲ, ಆದರೆ ಯಾರಿಗೆ ಎನ್ನುವುದು ನಿಮ್ಮ ತೀರ್ಮಾನ ಆಗಿರಲಿ. ಸಾಧ್ಯವಾದಾಗ ಅವನಿಗೂ ಬೇರೆ ಹತ್ತು ಕೊಡಿ. ಹಂಚಿಕೆ ಇಲ್ಲದ ಹೋಟೆಲಿನಲ್ಲಿ ಅವನ ಪಾಲಿಗೆ ಏನೂ ಬರುವುದಿಲ್ಲ.

ಈಗ ಎಲ್ಲ ಯುಪಿಐ. ಬಿಲ್ಲು 1,533 ಇದ್ದರೆ 1,600 ಎಂದು ಒತ್ತಿಬಿಡುತ್ತೇನೆ. 67 ರೂಪಾಯಿ ಮಾಣಿಗೆ ಸೇರುತ್ತದೆಯಲ್ಲವೇ?
— ನವಿ ಮುಂಬಯಿಯ ಓದುಗರು

ಸೇರುತ್ತದೆ ಎಂದು ನಂಬಿ ಕೂರಬೇಡಿ. ಮೇಜಿನ ಮೇಲಿನ ಅಥವಾ ಗಲ್ಲೆಯ ಕ್ಯೂಆರ್ ಮಾಲೀಕರ ಖಾತೆಗೆ ಜೋಡಿಸಿದ್ದು. ಬಿಲ್ಲು 1,533, ಖಾತೆಗೆ ಬಂದದ್ದು 1,600. ರಾತ್ರಿ ಗಲ್ಲೆಯವರು ಬಿಲ್ಲುಗಳನ್ನೂ ಖಾತೆಯನ್ನೂ ತಾಳೆ ನೋಡುವಾಗ ಆ 67 ‘ಹೆಚ್ಚುವರಿ’ ಎಂದು ಕಾಣುತ್ತದೆ. ಯಾವ ಮೇಜಿನದು, ಯಾರು ಬಡಿಸಿದ್ದು ಎಂಬ ಗುರುತು ಅದರಲ್ಲಿ ಇರುವುದಿಲ್ಲ. ಶಿಸ್ತಿನ ಹೋಟೆಲುಗಳಲ್ಲಿ ಆ ಕ್ಷಣವೇ ಅಷ್ಟು ನಗದನ್ನು ಗಲ್ಲೆಯಿಂದ ತೆಗೆದು ಮಾಣಿಗೆ ಕೊಡುತ್ತಾರೆ ಅಥವಾ ಟಿಪ್ಸ್ ಪುಸ್ತಕದಲ್ಲಿ ಬರೆಯುತ್ತಾರೆ. ಉಳಿದ ಕಡೆ ಅದು ವ್ಯಾಪಾರದ ದುಡ್ಡಿನಲ್ಲಿ ಕರಗಿಹೋಗುತ್ತದೆ.

ಬಿಲ್ಲಿನ 1,533ನ್ನು ಪೈಸೆ ಸಹಿತ ಸರಿಯಾಗಿ ಯುಪಿಐನಲ್ಲಿ ಕೊಡಿ, ಟಿಪ್ಸನ್ನು ನಗದಾಗಿ ಕೊಡಿ. ಊಟದ ಮೊತ್ತ 1,460 ಆಗಿರುವುದರಿಂದ ನಿಮ್ಮ 67 ಶೇ. 5 ಕೂಡ ಆಗಲಿಲ್ಲ ಎನ್ನುವುದನ್ನೂ ಗಮನಿಸಿ. ಬಿಲ್ಲನ್ನು ರೌಂಡ್ ಮಾಡಿದ್ದರ ಫಲ ಇದು. ನಗದು ಇಲ್ಲವಾದರೆ ‘ನಿಮ್ಮ ಸ್ವಂತ ನಂಬರು ಇದೆಯೇ’ ಎಂದು ಕೇಳಿ ಅದಕ್ಕೆ ಬೇರೆಯಾಗಿ ಕಳಿಸಿ, ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರನ್ನು ಅವರಿಗೆ ತೋರಿಸಿ. ಕಾರ್ಡಿನಲ್ಲಿ ಸೇರಿಸಿ ಕೊಡುವವರು ಮೆಶಿನ್ನಿಗೆ ಅಂಕಿ ಒತ್ತುವ ಮೊದಲೇ ಹೇಳಬೇಕು. ಒಮ್ಮೆ ಪಿನ್ ಒತ್ತಿದ ಮೇಲೆ ಟಿಪ್ಸಿಗಾಗಿ ಎರಡನೇ ಸಲ ಕಾರ್ಡು ಹಾಕಬೇಕಾಗುತ್ತದೆ.

ಗೋವಾದ ಶ್ಯಾಕ್‌ಗಳಲ್ಲಿ (ಕಡಲತೀರದ ಗುಡಿಸಲು ಹೋಟೆಲು) ಟಿಪ್ಸನ್ನು ಡಬ್ಬಿಗೆ ಹಾಕಿ ಎನ್ನುತ್ತಾರೆ. ನಮಗೆ ಬಡಿಸಿದ ಹುಡುಗನಿಗೆ ಎಷ್ಟು ಸಿಗುತ್ತದೆ?
— ವಾಸ್ಕೋದ ಓದುಗರು

ಡಬ್ಬಿಯ ಹಂಚಿಕೆ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ನಡೆಯುತ್ತದೆ. ಪ್ರತಿಯೊಬ್ಬರಿಗೂ ಕೆಲಸಕ್ಕೆ ತಕ್ಕಂತೆ ಪಾಯಿಂಟ್ ಇರುತ್ತದೆ. ಉದಾಹರಣೆಗೆ ಕ್ಯಾಪ್ಟನ್‌ಗೆ 2, ಮಾಣಿಗೆ ಒಂದೂವರೆ, ಕ್ಲೀನರ್‌ಗೆ ಅರ್ಧ ಎಂದಿಟ್ಟುಕೊಳ್ಳಿ. ಇಬ್ಬರು ಕ್ಯಾಪ್ಟನ್, ಆರು ಮಾಣಿ, ನಾಲ್ವರು ಕ್ಲೀನರ್ ಇದ್ದರೆ 4, 9, 2 ಸೇರಿ 15 ಪಾಯಿಂಟ್. ಆ ದಿನ ಡಬ್ಬಿಯಲ್ಲಿ 3,000 ಬಿದ್ದಿದ್ದರೆ ಪಾಯಿಂಟಿಗೆ 200. ಕ್ಯಾಪ್ಟನ್‌ಗೆ 400, ಮಾಣಿಗೆ 300, ಕ್ಲೀನರ್‌ಗೆ 100. ಅಂದರೆ ನೀವು ಹಾಕುವ ನೂರರಲ್ಲಿ ನಿಮ್ಮ ಮಾಣಿಗೆ ನೇರವಾಗಿ ಬರುವುದು ಹತ್ತು, ಆದರೆ ಬೇರೆ ಮೇಜುಗಳ ದುಡ್ಡಿನಲ್ಲೂ ಅವರಿಗೆ ಪಾಲಿದೆ. ಮೀನು ಕರಿದವರಿಗೆ, ಪಾತ್ರೆ ತೊಳೆದವರಿಗೆ ಪಾಲು ಇದೆಯೇ ಎಂದು ಕೇಳಿ. ಇದೆ ಎಂದರೆ ಡಬ್ಬಿಗೇ ಹಾಕಿ, ಅದೇ ನ್ಯಾಯ. ಉತ್ತರ ತಡವರಿಸಿದರೆ ಕೈಗೆ ಕೊಡಿ.

ಶ್ಯಾಕಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಅಲ್ಲಿ ಬಿಲ್ಲು ಬೆಳೆಯದಿದ್ದರೂ ಹೊತ್ತು ಬೆಳೆಯುತ್ತದೆ. 900 ರೂಪಾಯಿಯ ಬಿಲ್ಲಿಗೆ ಮಧ್ಯಾಹ್ನವಿಡೀ ಮೇಜು ಹಿಡಿದು ಕೂತರೆ ಶೇ. 10ರ 90 ಸಾಲದು. ಎರಡು ಗಂಟೆ ಮೀರಿದ ಪ್ರತಿ ಗಂಟೆಗೆ ಐವತ್ತು ಸೇರಿಸಿ. ಮಳೆ ಹಿಡಿದರೆ ಶ್ಯಾಕುಗಳು ಮುಚ್ಚುತ್ತವೆ, ಅಲ್ಲಿ ದುಡಿಯುವವರಿಗೆ ಸೀಸನ್ನಿನ ತಿಂಗಳುಗಳ ಸಂಪಾದನೆಯೇ ಆಧಾರ.

ಒಂಬತ್ತು ಜನ ಗೆಳತಿಯರು ಕೂಡಿ ಊಟಕ್ಕೆ ಹೋಗುತ್ತೇವೆ. ಎಲ್ಲರೂ ಸ್ವಲ್ಪ ಹೆಚ್ಚೇ ಹಾಕಿದರೂ ಟಿಪ್ಸಿಗೆ ಏನೂ ಉಳಿಯುವುದಿಲ್ಲ. ತಪ್ಪು ಎಲ್ಲಿದೆ?
— ಬೊರಿವಲಿಯ ಓದುಗರು

ಭಾಗಿಸುವ ಕ್ರಮದಲ್ಲಿದೆ. ಊಟ 7,080, ಜಿಎಸ್‌ಟಿ 354, ಒಟ್ಟು 7,434 ಎನ್ನೋಣ. ಒಂಬತ್ತರಿಂದ ಭಾಗಿಸಿದರೆ 826. ಎಲ್ಲರೂ 830 ಹಾಕಿದರೆ ಹೆಚ್ಚುವರಿ 36 ರೂಪಾಯಿ ಮಾತ್ರ. 850 ಹಾಕಿ ‘ಧಾರಾಳವಾಗಿ ಕೊಟ್ಟೆವು’ ಎಂದುಕೊಂಡರೂ ಉಳಿಯುವುದು 216, ಶೇ. 3 ಅಷ್ಟೇ. ತಮ್ಮ 24 ರೂಪಾಯಿ ಸಣ್ಣದೆಂದು ಯಾರಿಗೂ ಅನಿಸುವುದಿಲ್ಲ, ಒಟ್ಟು ಎಷ್ಟಾಯಿತೆಂದು ಯಾರೂ ನೋಡುವುದಿಲ್ಲ.

ಟಿಪ್ಸನ್ನು ಮೊದಲು ಕೂಡಿಸಿ, ಆಮೇಲೆ ಭಾಗಿಸಿ. ಊಟದ ಶೇ. 10 ಅಂದರೆ 708, ಹತ್ತಿರದ ಐವತ್ತಕ್ಕೆ ರೌಂಡ್ ಮಾಡಿ 700. 7,434ಕ್ಕೆ 700 ಸೇರಿದರೆ 8,134, ತಲೆಗೆ 904ರ ಹತ್ತಿರ. 900ಕ್ಕೆ ರೌಂಡ್ ಮಾಡಿ ಸಂಗ್ರಹಿಸಿದರೆ 8,100 ಆಗಿ ಟಿಪ್ಸಿಗೆ 666 ಉಳಿಯುತ್ತದೆ, ಶೇ. 9.4. ಚೆನ್ನಾಗಿಯೇ ಆಯಿತು. ಒಬ್ಬರೇ ಬಿಲ್ಲು ಕೊಡಿ, ಉಳಿದವರು ಅವರಿಗೆ 900 ಕಳಿಸಿ. ಆದರೆ ಟಿಪ್ಸಿನ ನಗದು ಯಾರ ಪರ್ಸಿನಲ್ಲಿದೆ ಎಂದು ಕೂರುವಾಗಲೇ ಕೇಳಿಕೊಳ್ಳಿ.

ಟಿಪ್ಸಿಗೂ 51, 101 ಎಂದು ಒಂದು ರೂಪಾಯಿ ಸೇರಿಸಬೇಕೆ?
— ಪಿಂಪರಿಯ ಓದುಗರು

ಬೇಡ. ಅದು ಮುಯ್ಯಿಗೆ, ದಕ್ಷಿಣೆಗೆ.

ಮಗಳ ಮನೆ ನ್ಯೂಜೆರ್ಸಿಯಲ್ಲಿ. ಅಲ್ಲಿ ಶೇ. 20 ಕೊಡುತ್ತಾಳೆ. ಇಲ್ಲಿಗೆ ಬಂದಾಗಲೂ ಹಾಗೇ ಕೊಡುತ್ತಾಳೆ. ಸರಿಯೇ?
— ಮುಲುಂಡಿನ ಓದುಗರು

ಅಲ್ಲಿ ಅದು ಸರಿ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಗಂಟೆಗೆ ಕೊಡಬೇಕಾದ ಕನಿಷ್ಠ ನಗದು ಕೂಲಿ 2.13 ಡಾಲರ್, 1991ರಿಂದ ಅದು ಬದಲಾಗಿಲ್ಲ. ಉಳಿದವರ ಕನಿಷ್ಠ ಕೂಲಿ 7.25 ಡಾಲರ್. ಕೆಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ. ಆದರೂ ಕೂಲಿಯ ಒಂದು ಭಾಗವನ್ನು ಗಿರಾಕಿಯೇ ತುಂಬಬೇಕು ಎನ್ನುವ ವ್ಯವಸ್ಥೆ ಅದು. ನಮ್ಮಲ್ಲಿ ಟಿಪ್ಸ್ ಸಿಗುತ್ತದೆಂದು ಕನಿಷ್ಠ ಕೂಲಿ ಇಳಿಸಲು ಅವಕಾಶವಿಲ್ಲ, ಹಾಗಾಗಿ ಇಲ್ಲಿ ಶೇ. 20 ಕಡ್ಡಾಯವೇನಲ್ಲ. ಸಂತೋಷದಿಂದ ಕೊಡುತ್ತಿದ್ದರೆ ತಡೆಯಬೇಡಿ.

ನೀವು ಅಲ್ಲಿಗೆ ಹೋದಾಗ ಬಿಲ್ಲಿನ ತೆರಿಗೆಯನ್ನು ಮೂರರಿಂದ ಗುಣಿಸಿ. ನ್ಯೂಜೆರ್ಸಿಯ ಮಾರಾಟ ತೆರಿಗೆ ಶೇ. 6.625, ಅದರ ಮೂರು ಪಟ್ಟು ಹೆಚ್ಚುಕಡಿಮೆ ಶೇ. 20. ಊಟ 64 ಡಾಲರ್ ಆದರೆ ತೆರಿಗೆ 4.24, ಮೂರು ಪಟ್ಟು 12.72, ರೌಂಡ್ ಮಾಡಿ 13. ನದಿ ದಾಟಿ ನ್ಯೂಯಾರ್ಕ್ ನಗರಕ್ಕೆ ಹೋದರೆ ತೆರಿಗೆ ಶೇ. 8.875. ಅಲ್ಲಿ ಎರಡು ಪಟ್ಟು ಮಾಡಿ ಮೇಲಕ್ಕೆ ರೌಂಡ್ ಮಾಡಿದರೆ ಶೇ. 18ರ ಹತ್ತಿರ ಬರುತ್ತದೆ.

ಊಟ ತಣ್ಣಗಿತ್ತು, ಬರಲು ಮುಕ್ಕಾಲು ಗಂಟೆಯಾಯಿತು. ಟಿಪ್ಸ್ ಕೊಡಲಿಲ್ಲ. ತಪ್ಪೇ?
— ಪುಣೆ, ಕಾತ್ರಜ್‌ನ ಓದುಗರು

ತಡ ಎಲ್ಲಿ ಆಯಿತೆಂದು ನೋಡಬೇಕಿತ್ತು. ಆರ್ಡರ್ ತಕ್ಷಣ ಬರೆದುಕೊಂಡು, ನಡುವೆ ಎರಡು ಸಲ ಬಂದು ‘ಇನ್ನೂ ಐದು ನಿಮಿಷ’ ಎಂದವರ ತಪ್ಪು ಅದರಲ್ಲಿಲ್ಲ, ತಡ ಅಡುಗೆಮನೆಯದು. ಅವರಿಗೆ ಶೇ. 5 ಆದರೂ ಕೊಡಿ. ಕರೆದರೂ ತಿರುಗಿ ನೋಡದೆ, ತಯಾರಾದ ತಟ್ಟೆಯನ್ನು ಅಡುಗೆಮನೆಯ ಕಿಟಕಿಯಲ್ಲೇ ಆರಲು ಬಿಟ್ಟಿದ್ದರೆ ಕೊಡದಿರುವುದು ಸರಿ. ಎರಡರಲ್ಲಿ ಯಾವುದೇ ಆಗಲಿ, ಕ್ಯಾಪ್ಟನ್ನಿಗೆ ಬಾಯಿಬಿಟ್ಟು ಹೇಳಿ. ಏನೂ ಹೇಳದೆ ಖಾಲಿ ಫೋಲ್ಡರ್ ಇಟ್ಟು ಬಂದರೆ ತಪ್ಪೇನಾಗಿತ್ತೆಂದು ಅಡುಗೆಮನೆಗೂ ತಿಳಿಯುವುದಿಲ್ಲ, ಬಡಿಸಿದವರಿಗೂ ತಿಳಿಯುವುದಿಲ್ಲ.